ಚರ್ಚಿನಲ್ಲಿ ಒಂಟಿ ಪಿಟೀಲು

ಪಿಟೀಲು ಹಿಡಿದವರ ಬದುಕಿನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ವೀಣೆಯವರಿಗೆ ಈ ಪಾಡಿಲ್ಲ, ಅದನ್ನು ಹೊತ್ತುಕೊಂಡು ಯಾರೂ ಸಿಟಿ ಬಸ್ಸು ಹತ್ತುವುದಿಲ್ಲ. ನಾನು ಹತ್ತುತ್ತಿದ್ದೆ. ಬೆಳಗ್ಗೆ ರಾಮಮೂರ್ತಿ ನಗರದಿಂದ ಹಲಸೂರಿನ ಇನ್ಶೂರೆನ್ಸ್ ಆಫೀಸಿಗೆ ಒಂದು ಬಸ್ಸು, ಸಂಜೆ ಅಲ್ಲಿಂದಲೇ ಯಾವುದಾದರೂ ಸಂಗೀತ ಕಛೇರಿಗೆ ಇನ್ನೊಂದು ಬಸ್ಸು, ಎರಡರಲ್ಲೂ ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ. ಕಂಡಕ್ಟರು "ಒಳಗೇನ್ ಮೇಡಂ?" ಎನ್ನುವುದು, ನಾನು "ಪಿಟೀಲು" ಎನ್ನುವುದು, ಆತ "ಹಂಗಾದ್ರೆ ಒಂದ್ ಬಾರಿಸಿ, ಟ್ರಾಫಿಕ್ ಕರಗ್ಲಿ" ಎನ್ನುವುದು, ಇದು ತೊಂಬತ್ತರ ದಶಕದ ಉದ್ದಕ್ಕೂ ನಡೆದ ಸಂಭಾಷಣೆ.

ನಾನು ಪಕ್ಕವಾದ್ಯದವಳು. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದಿನ ಅವಾಂತರಗಳಿಗೆಲ್ಲ ಇದೇ ಮೂಲ. ನಮ್ಮ ಸಂಗೀತದಲ್ಲಿ ಹಾಡುವವರು ನಡುವೆ ಕೂರುತ್ತಾರೆ, ಪಿಟೀಲಿನವರು ಅವರ ಎಡಕ್ಕೆ. ಅವರು ರಾಗದ ಒಂದು ತುಣುಕು ಹಾಡಿ ನಿಲ್ಲಿಸುತ್ತಾರೆ. ನಾವು ಅದನ್ನೇ ನುಡಿಸಿ ನಿಲ್ಲಿಸುತ್ತೇವೆ, ಬಲಕ್ಕೆ ತಿರುಗಿ ಅವರ ಮುಖ ನೋಡುತ್ತೇವೆ. ಅವರು ಮುಂದಿನದನ್ನು ಹಾಡುತ್ತಾರೆ. ಚಿಕ್ಕಂದಿನಿಂದ ಇದನ್ನೇ ಮಾಡಿ ಮಾಡಿ, ನುಡಿಸಿದ್ದು ಮುಗಿದ ಕೂಡಲೇ ನನ್ನ ಕತ್ತು ತಾನಾಗಿಯೇ ಬಲಕ್ಕೆ ತಿರುಗುತ್ತಿತ್ತು.

ನನ್ನ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಆ ಕಾರ್ಖಾನೆಯ ಕಾಲೊನಿಯಲ್ಲಿ ರಿಟೈರಾದ ಫೋರ್‌ಮನ್ ಒಬ್ಬರು ಇದ್ದರು. ಎಲ್ಲಿ ಕಛೇರಿಯಾದರೂ ಮೊದಲ ಸಾಲಿನಲ್ಲಿ ಕೂತು ತೊಡೆ ಕೆಂಪಾಗುವಂತೆ ತಾಳ ಹಾಕುವವರು. ಮುಗಿದ ಮೇಲೆ ಹಾಡಿದವರನ್ನು ಅರ್ಧ ಗಂಟೆ ಹೊಗಳಿ, ಹೊರಡುವಾಗ ನನ್ನ ಕಡೆ ತಿರುಗಿ "ಪಕ್ಕವಾದ್ಯ ಅಡ್ಡಿಯಿಲ್ಲ" ಎನ್ನುತ್ತಿದ್ದರು. ವರ್ಷಗಟ್ಟಲೆ ನನಗೆ ಸಿಕ್ಕ ವಿಮರ್ಶೆ ಇದೊಂದೇ. ಒಂದು ಸಲವಾದರೂ ನಡುವೆ ಕೂತು ನನ್ನದೇ ಕಛೇರಿ ಮಾಡಬೇಕೆಂಬ ಆಸೆ ಇರಲಿಲ್ಲವೇ? ಇತ್ತು. ಹೊಟ್ಟೆ ಉರಿಯುವಷ್ಟು ಇತ್ತು. ಅದರ ಜೊತೆಗೇ, ಮುಂದೆ ಯಾರೂ ಇಲ್ಲದಿದ್ದರೆ ನನ್ನ ಕಮಾನು ಹೊರಡುತ್ತದೆಯೇ ಎಂಬ ಹೆದರಿಕೆಯೂ ಇತ್ತು.

ದೊಡ್ಡಪ್ಪನ ಗಾಯನ

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕೆ.ಆರ್. ಪುರದ ಕಡೆಯ ಹಳೆಯ ಒಕ್ಕಲು ಮನೆತನವೊಂದರ ಮದುವೆ. ಹೊಲಗಳೆಲ್ಲ ಸೈಟುಗಳಾಗಿದ್ದವು, ಆರತಕ್ಷತೆಗೆ ಜೋರಾಗಿ ಸಂಗೀತ ಇಟ್ಟಿದ್ದರು. ನಾನು ಬಂದು ಶ್ರುತಿ ಮಾಡಿ ಕೂತೆ. ಹಾಡುವವರು ಮಾತ್ರ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು.

ಹುಡುಗಿಯ ತಂದೆ ಓಡಿ ಬಂದರು. "ಶುರು ಮಾಡ್ರಮ್ಮ, ಬೀಗರು ಬಂದ್ಬಿಟ್ರು."

"ಹಾಡೋರು ಬಂದಿಲ್ವಲ್ಲ ಸಾರ್."

"ನೀವು ಬಂದಿದೀರಲ್ಲ?"

"ನಾನು ಪಕ್ಕವಾದ್ಯ ಸಾರ್. ನಡುವೆ ಯಾರಾದ್ರೂ ಇದ್ರೆ ತಾನೇ?"

ಅವರು ವ್ಯವಹಾರಸ್ಥರು. ತೊಂದರೆ ಏನೆಂದು ತಕ್ಷಣ ಅರ್ಥ ಮಾಡಿಕೊಂಡರು. ರೇಷ್ಮೆ ಅಂಗಿ, ಪೇಟ ಹಾಕಿಕೊಂಡು ಓಡಾಡುತ್ತಿದ್ದ ತಮ್ಮ ಅಣ್ಣನನ್ನು, ಅಂದರೆ ಹುಡುಗಿಯ ದೊಡ್ಡಪ್ಪನನ್ನು, ಕೈ ಹಿಡಿದು ತಂದರು. "ಅಣ್ಣಾ, ಇಲ್ಲಿ ಕೂತ್ಕೊ. ಜಾಗ ಖಾಲಿ ಇರ್ಬಾರ್ದಂತೆ."

ದೊಡ್ಡಪ್ಪ ಮೈಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ನಾನೇನ್ ಮಾಡ್ಬೇಕಮ್ಮ?" ಎಂದು ಮೆಲ್ಲಗೆ ಕೇಳಿದರು.

"ಏನೂ ಬೇಡ. ಆಗಾಗ ನನ್ ಕಡೆ ತಿರುಗಿ ತಲೆ ಆಡಿಸಿ ಸಾಕು."

ಆಶ್ಚರ್ಯವೆಂದರೆ ನನ್ನ ಕಮಾನು ಹೊರಟೇಬಿಟ್ಟಿತು. ನಾನು ನುಡಿಸಿ ಬಲಕ್ಕೆ ತಿರುಗಿದರೆ ಅಲ್ಲಿ ಒಂದು ಮುಖವಿತ್ತು, ನನಗೆ ಅಷ್ಟು ಸಾಕಾಗಿತ್ತು. ದೊಡ್ಡಪ್ಪನಿಗೂ ಹುರುಪು ಬಂತು. ಕಣ್ಣು ಮುಚ್ಚಿದರು, ಕೈ ಎತ್ತಿದರು, ಟವೆಲ್ಲಿನಿಂದ ಕತ್ತು ಒರೆಸಿಕೊಂಡರು, ಬಾಯಿಯನ್ನೂ ಅಷ್ಟಿಷ್ಟು ತೆರೆದರು. ಮದುವೆ ಮನೆಯ ಗದ್ದಲದಲ್ಲಿ ಯಾರಿಗೆ ಏನು ಕೇಳಿಸುತ್ತದೆ? ಕೊನೆಗೆ ಗಂಡಿನ ಕಡೆಯ ಹಿರಿಯರು ವೇದಿಕೆ ಹತ್ತಿ ಬಂದು ಅವರಿಗೆ ಶಾಲು ಹೊದಿಸಿ, "ಈ ವಯಸ್ಸಲ್ಲೂ ಏನ್ ಕಂಠ ಸಾರ್ ನಿಮ್ದು!" ಎಂದರು. ದೊಡ್ಡಪ್ಪ ಶಾಲು ಸರಿಮಾಡಿಕೊಂಡು, ದೊಡ್ಡ ಮನಸ್ಸಿನಿಂದ ನನ್ನ ಕಡೆ ನೋಡಿ ಹೇಳಿದರು: "ಈಯಮ್ಮಾನೂ ಚೆನ್ನಾಗಿ ಸಾಥ್ ಕೊಟ್ರು."

ಯಾರ ಹಿಂದೆ ಹೋಗಲಿ?

ಇಂಥ ನನ್ನನ್ನು ಒಂದು ದಿನ ಕುಕ್ ಟೌನಿನ ಪಿಯಾನೋ ಮಿಸ್ ಕಂಡುಹಿಡಿದರು. ಪಾಲಿಸಿ ವಿಷಯಕ್ಕೆ ನನ್ನ ಕೌಂಟರಿಗೆ ಬಂದವರು, ಕುರ್ಚಿಯ ಕೆಳಗೆ ಪೆಟ್ಟಿಗೆ ನೋಡಿದರು. ಬಿಳಿ ಕೂದಲು, ಹೂವಿನ ಫ್ರಾಕು, ಕನ್ನಡದಲ್ಲಿ ತಮಿಳು, ತಮಿಳಲ್ಲಿ ಇಂಗ್ಲಿಷು. ಕ್ಯಾಂಟೋನ್ಮೆಂಟಿನ ಒಂದು ಹಳೆಯ ಕಲ್ಲಿನ ಚರ್ಚಿನಲ್ಲಿ ಹಾಡುವ ತಂಡಕ್ಕೆ, ಅವರ ಮಾತಿನಲ್ಲಿ ಕ್ವಾಯರಿಗೆ, ಪಾಠ ಹೇಳುವವರು.

"ಐಯೋ, ವಯೊಲಿನ್ನಾ? ನಮ್ ಚರ್ಚಲ್ಲಿ ಆರ್ಗನ್ ರಿಪೇರಿಗೆ ಹೋಗಿದೆ ಮಾ. ಸಂಡೇ ಸಂಡೇ ಸಾಯಂಕಾಲ ಯಾರಾದ್ರೂ ಬಂದು ಮ್ಯೂಸಿಕ್ ಮಾಡ್ತಾರೆ. ನೆಕ್ಸ್ಟ್ ಮಂತ್ ನೀವು ಬನ್ನಿ. ಕರ್ನಾಟಿಕ್ ನಮ್ಮಲ್ಲಿ ಯಾರೂ ಮಾಡಿಲ್ಲ."

"ಬರ್ತೀನಿ ಮಿಸ್. ಹಾಡೋರು ಯಾರು?"

"ಯಾರೂ ಇಲ್ಲ. ನೀವು ಸೋಲೋ."

"ಮತ್ತೆ ನಾನು ಯಾರ ಹಿಂದೆ ಹೋಗ್ಲಿ?"

ಮಿಸ್ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಯಾರ ಹಿಂದೇನೂ ಬೇಡ ಮಾ. ನೀವು ಮುಂದೆ ಹೋಗಿ. ಹಿಂದೆ ಬರೋದು ನಮ್ ಕೆಲಸ."

ಅವರ ಧೈರ್ಯ ನೋಡಿ ಒಪ್ಪಿಬಿಟ್ಟೆ. ಸಂಜೆ ಮನೆಗೆ ಹೋಗಿ ಯಜಮಾನರಿಗೆ "ನನ್ನ ಕಛೇರಿ ಇದೆ, ಚರ್ಚಲ್ಲಿ" ಎಂದೆ.

"ಹೌದಾ! ಹಾಡೋದ್ ಯಾರು?"

"ನಾನೇ ರೀ."

"ನೀನ್ ಹಾಡ್ತೀಯಾ?"

"ಇಲ್ಲ, ನಾನೊಬ್ಳೇ ಪಿಟೀಲು ನುಡಿಸ್ತೀನಿ."

ನಿಜವಾಗಿಯೂ ಸಂತೋಷವಾಗಿತ್ತು ಅವರಿಗೆ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ಕಾಳಜಿಯಿಂದ ಕೇಳಿದರು: "ಆ ದೊಡ್ಡಪ್ಪನ್ನ ಕರೆಸೋಣ್ವಾ?"

ದಂಟು, ಮೆಂತ್ಯ, ಸಬ್ಬಸಿಗೆ

ಅಭ್ಯಾಸ ಶುರುವಾಯಿತು. ಮೃದಂಗಕ್ಕೆ ನಮ್ಮ ಹಳೆಯ ಜೊತೆಗಾರರು ಒಪ್ಪಿದ್ದರು. ಅವರು ಯಜಮಾನರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರು, ಕ್ಯಾಂಟೀನಿಗೆ ತಕ್ಕ ಗಾತ್ರದವರು. ನನ್ನ ಕತ್ತಿನ ರೋಗ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಮೇಡಂ, ಬಲಗಡೆ ಗೋಡೆಗೆ ಅಂಟ್ಕೊಂಡ್ ಕೂತ್ಕೊಳ್ಳಿ. ನೋಡೋಕೆ ಏನೂ ಇರಲ್ಲ, ತಾನಾಗೇ ಬಿಟ್ಟೋಗತ್ತೆ" ಎಂದು ಮದ್ದು ಹೇಳಿಕೊಟ್ಟರು.

ಗೋಡೆಗೆ ಅಂಟಿ ಕೂತೆ. ಕತ್ತು ಸ್ವಲ್ಪ ಹತೋಟಿಗೆ ಬಂತು. ಆದರೆ ಕಿವಿ? ಪಕ್ಕವಾದ್ಯದವರ ಕಿವಿ ಯಾವ ಸದ್ದು ಬಂದರೂ ಅದನ್ನು ಹಿಡಿದು ತಿರುಗಿ ಕೊಡಲು ಕಾಯುತ್ತಿರುತ್ತದೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ನಾನು ನಿಲ್ಲಿಸಿ, ಅದು ಮುಗಿಯುವ ತನಕ ಗೌರವದಿಂದ ಕಾದು, ಅದೇ ಸ್ವರವನ್ನು ನುಡಿಸಿದೆ. ಕುಕ್ಕರು ಮತ್ತೆ ಕೂಗಿತು. ನಾನು ಮತ್ತೆ ನುಡಿಸಿದೆ. ಬೇಳೆ ಬೆಂದದ್ದರಿಂದ ಆ ಕಛೇರಿ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ದೊಡ್ಡ ಪೇಚು ಬೀದಿಯಲ್ಲಿತ್ತು. ನಮ್ಮ ಬೀದಿಗೆ ದಿನಾ ಬೆಳಗ್ಗೆ ಸೈಕಲ್ಲಿನಲ್ಲಿ ಸೊಪ್ಪಿನವರು ಬರುತ್ತಿದ್ದರು. "ದಂಟೂ... ಮೆಂತ್ಯಾ... ಸಬ್ಬಸ್ಗೇ..." ಎಂದು ಕೂಗುವಾಗ ಕೊನೆಯ ಸೊಪ್ಪನ್ನು ಮೇಲೆ ಒಯ್ದು ಜಾರಿಸಿ ಬಿಡುತ್ತಿದ್ದರು. ಎಂಥ ಜಾರು ಅದು! ಕೈ ಸುಮ್ಮನಿರಲಿಲ್ಲ, ಅದನ್ನು ಹಾಗೇ ನುಡಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಸೊಪ್ಪಿನವರು ಬುಟ್ಟಿ ಹೊತ್ತು, ಏದುಸಿರು ಬಿಡುತ್ತ, ಮೂರನೇ ಮಹಡಿಗೆ ಬಂದು ನಿಂತಿದ್ದರು.

"ಏನಕ್ಕಾ, ಎಷ್ಟ್ ಕಟ್ಟು?"

"ನಾನ್ ಕರೀಲಿಲ್ಲಪ್ಪ."

"ಕರದ್ರಲ್ಲಕ್ಕಾ, ಸಬ್ಬಸ್ಗೇ ಅಂತ. ಕೆಳಗಿನ್ ಮನೆಯೋರೂ ಕೇಳಿಸ್ಕೊಂಡ್ರು."

ಮೂರು ಮಹಡಿ ಹತ್ತಿಸಿ ಬರಿಗೈಯಲ್ಲಿ ಕಳಿಸುವುದು ಹೇಗೆ? ತೆಗೆದುಕೊಂಡೆ. ಮರುದಿನವೂ ಕೈ ತಡೆಯಲಿಲ್ಲ, ಮರುದಿನವೂ ತೆಗೆದುಕೊಂಡೆ. ಚರ್ಚಿನ ಕಛೇರಿಯ ತಯಾರಿ ಮುಗಿಯುವವರೆಗೂ ನಮ್ಮ ಮನೆಯಲ್ಲಿ ಸಬ್ಬಸಿಗೆಯದೇ ಪಲ್ಯ, ಸಬ್ಬಸಿಗೆಯದೇ ರೊಟ್ಟಿ. ಯಜಮಾನರು ಒಂದು ದಿನ ತಟ್ಟೆ ನೋಡುತ್ತ ಕೇಳಿದರು: "ಬೀದೀಲಿ ಹೂಕೋಸಿನೋರು ಕೂಗೋದು ಶ್ರುತಿಗೆ ಸೇರಲ್ವಾ?"

ಕುರಿಯ ಜಾಗ

ಕಛೇರಿಗೆ ಮುಂಚೆ ಜಾಗ ನೋಡಲು ಮೃದಂಗದವರ ಸ್ಕೂಟರಿನಲ್ಲಿ ಹೋದೆವು. ಒಳಗೆ ಕ್ವಾಯರ್ ಪ್ರ್ಯಾಕ್ಟೀಸು ನಡೆಯುತ್ತಿತ್ತು. ಮಿಸ್ ಪಿಯಾನೋದಲ್ಲಿ ಒಂದು ಸಾಲು ನುಡಿಸಿ, ಕೈ ಎತ್ತಿ, ಕ್ವಾಯರಿನ ಬೆಂಚುಗಳ ಕಡೆ ಕತ್ತು ತಿರುಗಿಸುತ್ತಿದ್ದರು. ತಿರುಗಿಸಿದ ಕೂಡಲೇ ಅವರು ಅದನ್ನು ಹಾಡಬೇಕು. ಒಬ್ಬ ಹುಡುಗಿ ತಡಮಾಡಿದ್ದಕ್ಕೆ ಮಿಸ್ ಗುಡುಗಿದರು. "ನಾನ್ ನೋಡಿದ್ರೆ ನೀನ್ ಹಾಡ್ಬೇಕು. ಯಾಕ್ ಅಂತ ಕೇಳ್ಬಾರ್ದು."

ಅವರದು ಮುಗಿದ ಮೇಲೆ ಪಿಟೀಲು ತೆಗೆದು ಒಂದು ತುಣುಕು ನುಡಿಸಿದೆ. ಎತ್ತರದ ಕಲ್ಲಿನ ಚಾವಣಿ, ನಾನು ನಿಲ್ಲಿಸಿದ ಮೇಲೂ ಸ್ವರ ಮೇಲೆ ಸುತ್ತಾಡಿ ಮೆಲ್ಲಗೆ ವಾಪಸ್ಸು ಬಂತು. ಬಂದದ್ದಕ್ಕೆ ಮರ್ಯಾದೆ ಕೊಡಬೇಕಲ್ಲ, ಅದನ್ನು ತಿರುಗಿ ನುಡಿಸಿದೆ. ಅದೂ ತಿರುಗಿ ಬಂತು. ಮೃದಂಗದವರು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಕೇಳಿ, "ಮೇಡಂ, ಇದು ಮುಗಿಯಲ್ಲ. ನಿಮ್ಮಿಬ್ಬರಲ್ಲಿ ಯಾರಾದ್ರೊಬ್ರು ನಿಲ್ಲಿಸಿ" ಎಂದರು.

ಆಮೇಲೆ ಕೂರುವ ಸಮಸ್ಯೆ. ಪಾಸ್ಟರು, ಎಳೆ ವಯಸ್ಸಿನ ನಗುಮುಖದವರು, ಒಂದು ಕುರ್ಚಿ ತಂದಿಟ್ಟರು. ನಾವು ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿಕೊಳ್ಳುವವರು ಎಂದೆ. ನೆಲದ ಮೇಲೆ ಕೂತು ತೋರಿಸಿದೆ. ಪಾಸ್ಟರು ಹಿಂದಿನ ಬೆಂಚಿಗೆ ಹೋಗಿ ನೋಡಿದರು. "ಮೇಡಂ, ನೀವಿದೀರಾ?" ಎಂಬ ದನಿ ಮಾತ್ರ ಬಂತು.

ಎತ್ತರದ ಜಗಲಿ ಬೇಕಿತ್ತು. ಮಿಸ್‌ಗೆ ಥಟ್ಟನೆ ಹೊಳೆಯಿತು. ಕ್ರಿಸ್‌ಮಸ್ಸಿಗೆ ಬಾಲ ಯೇಸು, ಮೇರಿಯಮ್ಮ, ದನ, ಕುರಿ, ಒಂಟೆಗಳ ಗೊಂಬೆ ಕೂರಿಸುವ ಮರದ ಕಟ್ಟೆ ಒಂದು ಹಿಂದಿನ ಕೋಣೆಯಲ್ಲಿತ್ತು. ಎಲ್ಲರೂ ಸೇರಿ ಎಳೆದು ತಂದು, ಧೂಳು ಹೊಡೆದು ನಿಲ್ಲಿಸಿದೆವು. ಹಾಸಲು ಕಾಲೊನಿಯ ಗಣೇಶೋತ್ಸವದ ಜಮಖಾನ ತರುವುದೆಂದಾಯಿತು. ನಾನು ಹತ್ತಿ ನಡುವೆ ಕೂತೆ, ಕಟ್ಟೆ ಗಟ್ಟಿಯಾಗಿತ್ತು. ಮೃದಂಗದವರು ನನ್ನ ಬಲಗಡೆ ಕಾಲಿಟ್ಟ ಕೂಡಲೇ ಹಲಗೆ ಕಿರ್ರೆಂದಿತು.

"ಅಲ್ಲಿ ಹುಷಾರು!" ಎಂದು ಪಾಸ್ಟರು ಓಡಿ ಬಂದರು. "ಅದು ಕುರಿ ಜಾಗ ಸಾರ್. ಜಾಸ್ತಿ ಭಾರ ಇಡಲ್ಲ ನಾವು."

"ಹಂಗಾದ್ರೆ ನಾನೆಲ್ಲಿ ಕೂರ್ಲಿ?"

ಪಾಸ್ಟರು ಕಟ್ಟೆಯನ್ನೂ ಮೃದಂಗದವರನ್ನೂ ಎರಡೆರಡು ಸಲ ಅಳೆದು ನೋಡಿ, ತುಂಬ ವಿನಯದಿಂದ ಹೇಳಿದರು: "ನೀವು ಒಂಟೆ ಜಾಗದಲ್ಲಿ ಕೂತ್ಕೊಳ್ಳಿ."

ಬಾಗಿಲ ಬಳಿಯ ಚಪ್ಪಲಿ

ಭಾನುವಾರ ಸಂಜೆ ಕಾಲೊನಿಯಿಂದ ಒಂದು ವ್ಯಾನ್ ತುಂಬ ಜನ ಬಂದಿಳಿದರು. ಫೋರ್‌ಮನ್ನರು ಇಸ್ತ್ರಿ ಪಂಚೆಯಲ್ಲಿದ್ದರು. ಕಾಲೊನಿಯ ಭಜನಾ ಮಂಡಳಿಯ ಹೆಂಗಸರು ಚರ್ಚಿಗೆ ಭಕ್ತಿಯಿಂದ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಹಿಂದೆಯೇ ಉಳಿದವರೂ ಬಿಟ್ಟರು. ಬಾಗಿಲ ಬಳಿ ದೊಡ್ಡ ರಾಶಿಯಾಯಿತು.

ಅಷ್ಟರಲ್ಲಿ ಚರ್ಚಿನವರು ಬರತೊಡಗಿದರು. ಪಾಲಿಶ್ ಹಾಕಿದ ಶೂ, ಹೈ ಹೀಲ್ಸು. ರಾಶಿ ನೋಡಿದರು, ಈ ಸಂಗೀತದ ಪದ್ಧತಿಯೇ ಹೀಗಿರಬೇಕೆಂದುಕೊಂಡರು. ಗೋಡೆ ಹಿಡಿದು ಲೇಸು ಬಿಚ್ಚಿ, ಸಾಕ್ಸನ್ನೂ ತೆಗೆದು ಬರಿಗಾಲಲ್ಲಿ ಒಳಗೆ ಬಂದರು. ಇತ್ತ ಒಳಗೆ ಕೂತಿದ್ದ ಕಾಲೊನಿಯವರು, ಬೇಗ ಬಂದು ಕೂತಿದ್ದ ಕ್ವಾಯರಿನವರ ಕಾಲು ನೋಡಿದರು. ಎಲ್ಲರ ಕಾಲಲ್ಲೂ ಶೂ! ಬರಿಗಾಲಲ್ಲಿ ಬಂದು ಅವರ ಮರ್ಯಾದೆ ಕೆಡಿಸಿದೆವೇನೋ ಎಂದು ಗುಸುಗುಸು ಎದ್ದು, ಒಬ್ಬೊಬ್ಬರೇ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಕಾಲೊನಿಯವರ ಕಾಲು ನೋಡಿ ಚರ್ಚಿನವರು ಮತ್ತೆ ಹೊರಗೆ ಹೊರಟರು.

ನಾನು ಕಟ್ಟೆಯ ಮೇಲೆ ಶ್ರುತಿ ಮಾಡುತ್ತ ಈ ಮೆರವಣಿಗೆ ನೋಡುತ್ತಿದ್ದೆ. ಕೊನೆಗೆ ಪಾಸ್ಟರು ಬಾಗಿಲಲ್ಲಿ ನಿಂತು ಕೈಮುಗಿದು ಹೇಳಬೇಕಾಯಿತು: "ದಯವಿಟ್ಟು ಎಲ್ರೂ ಈಗ ಹೆಂಗಿದೀರೋ ಹಂಗೇ ಕೂತ್ಬಿಡಿ. ದೇವರು ಮೇಲಿಂದ ನೋಡ್ತಾರೆ, ಕಾಲು ಕಾಣಲ್ಲ."

ಬಲಕ್ಕೆ ತಿರುಗಿದಾಗ

ವರ್ಣದಿಂದ ಶುರು ಮಾಡಿದೆ. ಮೃದಂಗದವರು ನನ್ನ ಬಲಕ್ಕೆ ಒಂಟೆಯ ಜಾಗದಿಂದ ಗಟ್ಟಿಯಾಗಿ ಹಿಡಿದುಕೊಂಡರು, ಹೇಗೋ ದಡ ಸೇರಿತು. ಕಮಾನು ಇಳಿಸಿ ಚಪ್ಪಾಳೆಗೆ ಕಾದೆ. ನಿಶ್ಶಬ್ದ. ಚರ್ಚಿನೊಳಗೆ ಚಪ್ಪಾಳೆ ತಟ್ಟಿ ಚರ್ಚಿನವರಿಗೆ ಅಭ್ಯಾಸವಿಲ್ಲ. ಅವರು ತಟ್ಟಲಿಲ್ಲವೆಂದು ಕಾಲೊನಿಯವರು ತಟ್ಟಲಿಲ್ಲ. ಫೋರ್‌ಮನ್ನರು ಮಾತ್ರ ತಡೆಯಲಾರದೆ "ಭೇಷ್!" ಎಂದರು. ಚಾವಣಿಯೂ "ಭೇಷ್" ಎಂದಿತು. ತಮ್ಮ ಮಾತನ್ನು ಒಪ್ಪಿದವರು ಯಾರೆಂದು ಅವರು ಹಿಂತಿರುಗಿ ನೋಡಿದರು.

ಆ ನಿಶ್ಶಬ್ದ ನನ್ನ ಜೀವ ಹಿಂಡಿತು. ಚೆನ್ನಾಗಿಲ್ಲ, ಇವಳಿಗೆ ಯಾಕೆ ಬೇಕಿತ್ತು ಅಂದುಕೊಳ್ಳುತ್ತಿದ್ದಾರೆ ಅನ್ನಿಸಿತು. ಮುಂದೆ ಮೋಹನ ರಾಗದ ಆಲಾಪನೆ. ಅದಕ್ಕೆ ಮೃದಂಗವಿಲ್ಲ, ತಾಳವಿಲ್ಲ, ಶ್ರುತಿ ಪೆಟ್ಟಿಗೆಯ ಜೊತೆ ನಾನೊಬ್ಬಳೇ. ಕಣ್ಣು ಮುಚ್ಚಿ ಮೊದಲ ತುಣುಕು ನುಡಿಸಿದೆ. ಗಾಂಧಾರದ ಮೇಲೆ ತಂದು ನಿಲ್ಲಿಸಿದೆ. ಮತ್ತೆ ಅದೇ ಆಯಿತು. ಅಷ್ಟು ದಿನ ಗೋಡೆಗೆ ಅಂಟಿ ಕೂತದ್ದು ದಂಡವಾಯಿತು. ಕಮಾನು ಎತ್ತಿಕೊಂಡು, ಬಲಕ್ಕೆ ತಿರುಗಿ, ಹಾಡುವವರಿಗಾಗಿ ಕಾದೆ.

ಹಾಡುವವರು ಎಲ್ಲಿಂದ ಬರಬೇಕು? ಮೃದಂಗದವರು ನನ್ನ ಮುಖ ನೋಡಿ ಗಾಬರಿಯಾಗಿ, ತಾವೂ ಹಿಂದಕ್ಕೆ ತಿರುಗಿ ಯಾರಿದ್ದಾರೆಂದು ನೋಡಿದರು. ಅವರ ಹಿಂದೆ ಕ್ವಾಯರಿನ ಬೆಂಚುಗಳಿದ್ದವು. ನನಗೆ ಮುಂದಿನ ಸ್ವರವೇ ನೆನಪಾಗಲಿಲ್ಲ. ಪೆಟ್ಟಿಗೆ ಮುಚ್ಚಿ ಎದ್ದು ಹೋಗಿಬಿಡಲೇ ಅನ್ನಿಸಿತು.

ಆಗ ಬೆಂಚಿನ ಕಡೆಯಿಂದ ಮೆಲ್ಲಗೆ ಒಂದು ಗುಂಜಾರವ ಎದ್ದಿತು. ಬಾಯಿ ಮುಚ್ಚಿಕೊಂಡು, ನಾನು ನುಡಿಸಿದ ತುಣುಕನ್ನೇ, ಗಾಂಧಾರದ ತನಕ, ಕ್ವಾಯರಿನ ಹೆಂಗಸರು ಗುನುಗಿದರು. ಗಂಡಸರು ಅದನ್ನೇ ಕೆಳಗಿನಿಂದ ಬೇರೆ ಎತ್ತರದಲ್ಲಿ ಹಿಡಿದರು. ಮುಂದಿನ ಬೆಂಚಿನಲ್ಲಿ ಮಿಸ್ ಬೆನ್ನು ನೆಟ್ಟಗೆ ಮಾಡಿ ಕೂತು, ಒಬ್ಬರೂ ತಡಮಾಡಲಿಲ್ಲವೆಂಬ ತೃಪ್ತಿಯಲ್ಲಿ ತಲೆಯಾಡಿಸುತ್ತಿದ್ದರು. ಒಂದು ಸಾಲು ನುಡಿಸಿ, ಕೈ ಎತ್ತಿ, ಅವರ ಕಡೆ ಕತ್ತು ತಿರುಗಿಸಿದ್ದೆನಲ್ಲ? ನೋಡಿದರೆ ಹಾಡಬೇಕು, ಯಾಕೆ ಎಂದು ಕೇಳಬಾರದು.

ಗುನುಗು ನಿಂತಿತು. ಈಗ ಅಷ್ಟೂ ಮುಖಗಳು ನನ್ನನ್ನು ನೋಡುತ್ತಿದ್ದವು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಮುಂದಿನದು ಏನೆಂದು ಕಾಯುವ ನೋಟ ಅದು, ಅಷ್ಟು ವರ್ಷ ನಾನು ಬೇರೆಯವರನ್ನು ಹಾಗೆಯೇ ನೋಡಿದ್ದೆ. ಕೊಡಬೇಕಾದವಳು ಈಗ ನಾನು. ಕಮಾನು ಹೊರಟಿತು. ಪಂಚಮಕ್ಕೆ ಹೋದೆ, ಅವರು ಹಿಂದೆಯೇ ಬಂದರು. ಮೇಲಿನ ಷಡ್ಜಕ್ಕೆ ಹೋದೆ, ಅಲ್ಲಿಗೂ ಬಂದರು. ಯಾರಾದರೂ ಒಂದು ಸಾಲು ಹೇಳಿ ನಿಲ್ಲಿಸಿದರೆ ನಮ್ಮ ಭಜನಾ ಮಂಡಳಿಯವರು ಬಾಯಿ ಕಟ್ಟಿಕೊಂಡು ಇರಬಲ್ಲರೇ? ಹಿಂದಿನ ಬೆಂಚುಗಳಿಂದ ಅವರೂ ಸೇರಿಕೊಂಡರು. ಬರಿಗಾಲಿನವರು, ಶೂ ಹಾಕಿದವರು, ಪಾಸ್ಟರು, ನಮ್ಮ ಯಜಮಾನರು, ಎಲ್ಲರೂ ಗುನುಗಿದರು. ಕಲ್ಲಿನ ಚಾವಣಿ ಅದನ್ನೆಲ್ಲ ಹಿಡಿದು ತಿರುಗಿ ಕೊಟ್ಟಿತು. ನನ್ನ ಕಣ್ಣಲ್ಲಿ ನೀರು ಬಂದು ತಂತಿಗಳು ಮಸುಕಾದವು, ಆದರೂ ನಿಲ್ಲಿಸಲಿಲ್ಲ. ಅಂಥ ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಆಮೇಲಿನ ಕೃತಿಗಳೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹೋದವು. ಮಂಗಳ ಮುಗಿದಾಗ ಪಾಸ್ಟರೇ ಮೊದಲು ಚಪ್ಪಾಳೆ ತಟ್ಟಿದರು, ಆಗ ಉಳಿದವರು ತಡೆದಿಟ್ಟುಕೊಂಡಿದ್ದನ್ನೆಲ್ಲ ಒಟ್ಟಿಗೆ ತೀರಿಸಿದರು. ಮಿಸ್ ಬಂದು ನನ್ನನ್ನು ತಬ್ಬಿಕೊಂಡು "ನಾನ್ ಹೇಳಿದ್ನಲ್ಲ ಮಾ, ನೀವು ಮುಂದೆ ಹೋಗಿ ಅಂತ" ಎಂದರು.

ಬಾಗಿಲ ಬಳಿ ಫೋರ್‌ಮನ್ನರು ತಮ್ಮ ಚಪ್ಪಲಿ ಸಿಗದೆ, ಯಾರದೋ ಮಿರಮಿರ ಮಿಂಚುವ ಕಪ್ಪು ಶೂನಲ್ಲಿ ಒಂದು ಕಾಲು ತೂರಿಸಿ ನೋಡುತ್ತಿದ್ದರು. ನನ್ನನ್ನು ಕಂಡು ಕಾಲು ಹೊರಗೆಳೆದು ಕೈಮುಗಿದರು. ಅಲ್ಲಿಯ ತನಕ ಅವರು ನನಗೆ ಕೈಮುಗಿದವರಲ್ಲ.

"ಕಛೇರಿ ಬಹಳ ಚೆನ್ನಾಗಿತ್ತಮ್ಮ" ಎಂದರು.

ಅವರು ಎರಡು ಹೆಜ್ಜೆ ಹೋದವರು, ಏನೋ ನೆನಪಾದಂತೆ ನಿಂತು, ನಗುತ್ತ ಹೊರಬರುತ್ತಿದ್ದ ಇಡೀ ಕ್ವಾಯರನ್ನು, ಅದರ ಹಿಂದೆ ಬರುತ್ತಿದ್ದ ಭಜನಾ ಮಂಡಳಿಯನ್ನು ಒಮ್ಮೆ ನೋಡಿದರು.

"ಪಕ್ಕವಾದ್ಯಾನೂ ಅಡ್ಡಿಯಿಲ್ಲ. ಆದ್ರೂ ಒಂದ್ ಪಿಟೀಲಿಗೆ ಇಷ್ಟೊಂದ್ ಜನ ಜಾಸ್ತಿ ಆಯ್ತು ಕಣಮ್ಮ."